ಪುನಶ್ಚೇತನಗೊಂಡ ತೊರೆಗಳಲ್ಲಿ ಇಟ್ಟ ದಿಮ್ಮಿ, ಬಂಡೆಗಳು ಎಷ್ಟು ಕಾಲ ಬಾಳುತ್ತವೆ, ಎಷ್ಟು ಕಾಲ ಬಾಳಬೇಕು?

ತೊರೆಯಂಚು

ಎಲ್ಲರಿಗೂ ನಮಸ್ಕಾರ. 11 ವರ್ಷಗಳ ಹಿಂದೆ ಪುನಶ್ಚೇತನಗೊಳಿಸಿದ ಒಂದು ಸಣ್ಣ ತೊರೆಯ ಉಸ್ತುವಾರಿಯನ್ನು ಹೋದ ವರ್ಷದಿಂದ ನಮ್ಮ ತಂಡ ವಹಿಸಿಕೊಂಡಿದೆ. ಮೀನುಗಳಿಗೆ ಮಡುಗಳನ್ನೂ ಮರೆಯನ್ನೂ ಒದಗಿಸಲೆಂದು ಆಗ ಹರಿವಿಗೆ ಅಡ್ಡಲಾಗಿ ದಿಮ್ಮಿಗಳನ್ನು ಹೂತಿದ್ದರು, ಕೆಲವೆಡೆ ಬಂಡೆಗಳನ್ನು ಮೇಲ್ಮುಖದ ಬಿಲ್ಲಿನ ಆಕಾರದಲ್ಲಿ ಜೋಡಿಸಿದ್ದರು, ಇನ್ನು ಕೆಲವೆಡೆ ನೀರನ್ನು ದಡದಿಂದ ನಡುವಿಗೆ ತಳ್ಳುವ ಕಲ್ಲಿನ ಮೊನೆಗಳನ್ನು ಕಟ್ಟಿದ್ದರು. ಈಚಿನ ದೊಡ್ಡ ನೆರೆ ಇಳಿದ ಮೇಲೆ ನಾವು ಮೇಲಿನಿಂದ ಕೆಳಗಿನವರೆಗೆ ನಡೆದು ನೋಡಿದೆವು.

ಕಂಡದ್ದು ಒಂದೇ ಬಗೆಯದಾಗಿರಲಿಲ್ಲ. ಒಂದು ದಿಮ್ಮಿ ಇಟ್ಟಲ್ಲೇ ಇದೆ, ಆದರೆ ನೀರು ಅದರ ತುದಿಯನ್ನು ಬಳಸಿ, ದಡವನ್ನು ಕೊರೆದುಕೊಂಡು ಹರಿಯುತ್ತಿದೆ. ಇನ್ನೊಂದು ಜಲ್ಲಿಯಡಿ ಪೂರ್ತಿ ಹೂತುಹೋಗಿದ್ದು, ಹಳೆಯ ನಕ್ಷೆ ಕೈಯಲ್ಲಿಲ್ಲದಿದ್ದರೆ ಅಲ್ಲೊಂದು ದಿಮ್ಮಿಯಿದೆ ಎಂದೇ ನಮಗೆ ತಿಳಿಯುತ್ತಿರಲಿಲ್ಲ. ಮೂರನೆಯದರ ಬುಡದ ಜಲ್ಲಿ ಕೊಚ್ಚಿಹೋಗಿ, ಬೇಸಿಗೆಯ ತೆಳು ಹರಿವು ಅದರ ಮೇಲೆ ಧುಮುಕುವ ಬದಲು ಅಡಿಯಿಂದ ನುಸುಳುತ್ತಿದೆ. ನಾಲ್ಕನೆಯದು ಕಿತ್ತುಕೊಂಡು ಹೋಗಿ, ಸುಮಾರು 60 ಮೀಟರ್ ಕೆಳಗಿನ ತಿರುವಿನಲ್ಲಿ ಸಿಕ್ಕಿಬಿದ್ದಿದೆ. ನಮ್ಮ ಉಸ್ತುವಾರಿಯ ಇಡೀ ಹರಹಿನಲ್ಲಿ ಈಗ ಅತ್ಯಂತ ಆಳವಾದ ಮಡು ಇರುವುದು ಅದರ ಮಗ್ಗುಲಲ್ಲೇ.

ಹಣ ನೀಡಿದವರು ಕಳುಹಿಸಿರುವ ನಮೂನೆಯಲ್ಲಿ ಪ್ರತಿ ರಚನೆಯ ಮುಂದೆ ‘ಇದೆ’, ‘ಇಲ್ಲ’ ಎಂಬ ಎರಡೇ ಅಂಕಣಗಳಿವೆ. ಅದನ್ನು ಪ್ರಾಮಾಣಿಕವಾಗಿ ತುಂಬಿದರೆ ಕೆಲಸ ಕೆಟ್ಟಿರುವ ಮೂರು ದಿಮ್ಮಿಗಳು ಉಳಿದವುಗಳ ಲೆಕ್ಕಕ್ಕೆ ಸೇರುತ್ತವೆ, ಕೆಲಸ ಮಾಡುತ್ತಿರುವ ಒಂದು ದಿಮ್ಮಿ ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಇಂಥ ರಚನೆಗಳಿಂದ ಎಷ್ಟು ವರ್ಷಗಳ ಬಾಳಿಕೆಯನ್ನು ನಿರೀಕ್ಷಿಸುವುದು ನ್ಯಾಯ, ಅದನ್ನು ಹೇಗೆ ದಾಖಲಿಸಬೇಕು, ಯಾವುದನ್ನು ದುರಸ್ತಿ ಮಾಡಬೇಕು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಬಂಡೆಗಲ್ಲು

ತೊರೆಯಂಚು ಅವರೇ, ನಿಮ್ಮ ನಮೂನೆಯಲ್ಲಿರುವ ತೊಡಕು ಹೊಸದಲ್ಲ. ಈ ವಿಷಯದ ಬಗ್ಗೆ ಹೆಚ್ಚು ಉಲ್ಲೇಖಿಸಲಾಗುವ ಎರಡು ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದದಂತೆ ಕಾಣುವುದಕ್ಕೂ ಅದೇ ಮುಖ್ಯ ಕಾರಣ.

1992ರಲ್ಲಿ ಫ್ರಿಸೆಲ್ ಮತ್ತು ನಾವಾ ಅವರು ಅಮೆರಿಕದ ನೈಋತ್ಯ ಆರೆಗಾನ್ ಮತ್ತು ನೈಋತ್ಯ ವಾಷಿಂಗ್ಟನ್ ಭಾಗದ 15 ತೊರೆಗಳಲ್ಲಿದ್ದ 161 ರಚನೆಗಳ ಸ್ಥಿತಿಯನ್ನು ಪ್ರಕಟಿಸಿದರು. ಅವರು ಪರಿಶೀಲಿಸಿದ್ದು 2ರಿಂದ 10 ವರ್ಷಗಳಿಗೊಮ್ಮೆ ಮರುಕಳಿಸುವಂಥ, ಅಂದರೆ ಅಸಾಧಾರಣವೇನೂ ಅಲ್ಲದ ಒಂದು ನೆರೆಯ ನಂತರ. ತೊರೆಯಿಂದ ತೊರೆಗೆ ಬಹಳ ವ್ಯತ್ಯಾಸವಿದ್ದರೂ, ಪೂರ್ತಿ ವಿಫಲವಾದವುಗಳ ಮಧ್ಯಾಂಕ ಶೇ 18.5 ಇತ್ತು. ಕೆಲಸ ಕುಂದಿದವುಗಳನ್ನೂ ಸೇರಿಸಿದರೆ ಹಾನಿಯ ಮಧ್ಯಾಂಕ ಶೇ 60ಕ್ಕೆ ಏರಿತು. 1998ರಲ್ಲಿ ರೋಪರ್ ಮತ್ತು ಸಂಗಡಿಗರು, 5 ವರ್ಷಕ್ಕೊಮ್ಮೆ ಬರುವುದಕ್ಕಿಂತ ದೊಡ್ಡ ನೆರೆಗಳನ್ನು ಕಂಡ 94 ತೊರೆಗಳಲ್ಲಿನ 3,946 ರಚನೆಗಳ ಲೆಕ್ಕವನ್ನು ಮುಂದಿಟ್ಟರು. ಅವರ ಪ್ರಕಾರ ಸ್ಥಳದಿಂದ ಕಿತ್ತುಹೋದವು ಶೇ 20ಕ್ಕಿಂತ ಕಡಿಮೆ.

ಮೊದಲನೆಯದನ್ನು ಓದಿದವರು ಈ ಕೆಲಸವೇ ವ್ಯರ್ಥವೆಂದರು, ಎರಡನೆಯದನ್ನು ಓದಿದವರು ರಚನೆಗಳು ಗಟ್ಟಿಯಾಗಿವೆ ಎಂದರು. ಆದರೆ ರೋಪರ್ ತಂಡ ಬಾಳಿಕೆ ಎಂದು ಕರೆದದ್ದು ರಚನೆ ತನ್ನ ಮೂಲ ಸ್ಥಳದಲ್ಲಿ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು, ಫ್ರಿಸೆಲ್ ಮತ್ತು ನಾವಾ ಅವರು ಅಳೆದದ್ದು ಅದು ಉದ್ದೇಶಿತ ಕೆಲಸವನ್ನು ಮಾಡುತ್ತಿದೆಯೇ ಎಂಬುದನ್ನು. ಶೇ 18.5 ಮತ್ತು ಶೇ 20 ಎಂಬ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಜಗಳ ಅರ್ಧಕ್ಕರ್ಧ ಕರಗಿಹೋಗುತ್ತದೆ. ನಿಮ್ಮ ಮೊದಲ ಮೂರು ದಿಮ್ಮಿಗಳು ಈ ಎರಡು ವ್ಯಾಖ್ಯೆಗಳ ನಡುವಿನ ಬಿರುಕಿನಲ್ಲೇ ಬಿದ್ದಿವೆ.

ಸಂಶಯಿ

ಬಂಡೆಗಲ್ಲು ಅವರ ಸಮನ್ವಯ ಸೊಗಸಾಗಿದೆ, ಆದರೆ ಅದು ನನಗೆ ಸ್ವಲ್ಪ ಹೆಚ್ಚು ಸಲೀಸಾಗಿ ಕಾಣುತ್ತದೆ. ಅಳತೆಯ ವ್ಯಾಖ್ಯೆಯನ್ನು ಬದಿಗಿಟ್ಟು, ಅಳೆದವರು ಎಷ್ಟು ಮಂದಿ ಎಂದು ಕೇಳಿ. 2005ರಲ್ಲಿ ಬರ್ನ್‌ಹಾರ್ಟ್ ಮತ್ತು ಸಂಗಡಿಗರು ಅಮೆರಿಕದ 37,000ಕ್ಕೂ ಹೆಚ್ಚು ನದಿ ಪುನಶ್ಚೇತನ ಯೋಜನೆಗಳ ದಾಖಲೆಗಳನ್ನು ಒಟ್ಟುಗೂಡಿಸಿದಾಗ, ಯಾವುದೇ ಬಗೆಯ ಮೌಲ್ಯಮಾಪನ ಅಥವಾ ಮೇಲ್ವಿಚಾರಣೆ ನಡೆದಿದೆ ಎಂದು ದಾಖಲೆಯಲ್ಲಿ ಕಂಡುಬಂದದ್ದು ಕೇವಲ ಶೇ 10ರಷ್ಟರಲ್ಲಿ. ಉಳಿದವುಗಳಲ್ಲಿ ದಿಮ್ಮಿ ಇದೆಯೋ ತೇಲಿಹೋಯಿತೋ ಎಂಬುದನ್ನು ದಾಖಲೆಯಿಂದ ಹೇಳಲಾಗದು. ಕಟ್ಟುವುದಕ್ಕೆ ಹಣ ಸಿಗುತ್ತದೆ, ಐದು ವರ್ಷದ ನಂತರ ಹೋಗಿ ನೋಡುವುದಕ್ಕೆ ಸಿಗುವುದಿಲ್ಲ. ನಿಮ್ಮ ಹಣದಾತರು 11 ವರ್ಷಗಳ ಮೇಲೂ ಒಂದು ನಮೂನೆ ಕಳುಹಿಸಿದ್ದಾರೆ ಎಂದರೆ, ಅದರಲ್ಲಿ ಎರಡೇ ಅಂಕಣಗಳಿದ್ದರೂ, ಅವರನ್ನು ಮೆಚ್ಚಲೇಬೇಕು.

ಬಂಡೆಗಲ್ಲು

ಒಪ್ಪಿದೆ. ಈಗ ವೈಫಲ್ಯದ ಬಗೆಗಳ ಕುರಿತು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ದುರಸ್ತಿಯ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಹುಟ್ಟಬೇಕು.

ಅಡ್ಡ ಹಾಕಿದ ಯಾವ ರಚನೆಯಾದರೂ ನೀರನ್ನು ಒಂದೆಡೆ ತಡೆದು ಇನ್ನೊಂದೆಡೆ ರಭಸವನ್ನು ಹೆಚ್ಚಿಸುತ್ತದೆ. ಮಡು ಹುಟ್ಟುವುದು ಆ ರಭಸದಿಂದ, ರಚನೆ ಸಾಯುವುದೂ ಅದೇ ರಭಸದಿಂದ. ದಿಮ್ಮಿಯ ಮೇಲಿಂದ ಧುಮುಕುವ ನೀರು ತಳವನ್ನು ಕೊರೆದು ಮಡುವನ್ನು ಆಳಗೊಳಿಸುತ್ತದೆ, ಅದೇ ಕೊರೆತ ಹಿಂದಕ್ಕೆ ಸರಿದು ದಿಮ್ಮಿಯ ಬುಡವನ್ನು ತಲುಪಿದಾಗ ಅಡಿಯ ಜಲ್ಲಿ ಜಾರಿಹೋಗುತ್ತದೆ. ನಿಮ್ಮ ಮೂರನೆಯ ದಿಮ್ಮಿಗೆ ಆಗಿರುವುದು ಇದೇ. ಇದನ್ನು ತಡೆಯಲೆಂದೇ ಬಂಡೆಯ ರಚನೆಗಳಲ್ಲಿ ಕಾಣುವ ಕಲ್ಲಿನ ಕೆಳಗೆ, ಮಡುವಿನ ನಿರೀಕ್ಷಿತ ಆಳಕ್ಕಿಂತಲೂ ಕೆಳಗಿಳಿಯುವಂತೆ, ಇನ್ನೊಂದು ಸಾಲು ಅಡಿಪಾಯದ ಕಲ್ಲುಗಳನ್ನು ಇಡುತ್ತಾರೆ, ಹಾಗೂ ಹಿಂಬದಿಯಲ್ಲಿ ಸಂದುಗಳಿಂದ ಮರಳು ಸೋರದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನೋ ಬೇರೆ ಬೇರೆ ಗಾತ್ರದ ಜಲ್ಲಿಯ ಮಿಶ್ರಣವನ್ನೋ ತುಂಬುತ್ತಾರೆ. ಈ ಹಿಂಬದಿಯ ಕೆಲಸ ಫೋಟೋದಲ್ಲಿ ಕಾಣುವುದಿಲ್ಲವಾದ್ದರಿಂದ ಅವಸರದ ಗುತ್ತಿಗೆಯಲ್ಲಿ ಮೊದಲು ತಪ್ಪಿಹೋಗುವುದೂ ಅದೇ.

ದಿಮ್ಮಿಯ ತುದಿಯನ್ನು ಬಳಸಿ ನೀರು ದಡ ಕೊರೆಯುವುದು ಎರಡನೆಯ ಬಗೆ. ತುದಿಗಳನ್ನು ದಡದೊಳಕ್ಕೆ ಸಾಕಷ್ಟು ಉದ್ದ ಹುಗಿಯದಿದ್ದಾಗ, ಇಲ್ಲವೇ ದಿಮ್ಮಿಯ ನಡುಭಾಗ ತುದಿಗಳಿಗಿಂತ ತಗ್ಗಾಗಿ ಇಲ್ಲದಿದ್ದಾಗ ಇದು ಸಂಭವಿಸುತ್ತದೆ. ಮೂರನೆಯದು ಹೂಳು, ಅದಕ್ಕೆ ಕಾರಣ ರಚನೆಯಲ್ಲಿರದೆ ಮೇಲಿನ ಜಲಾನಯನದಲ್ಲಿರುತ್ತದೆ. ಫ್ರಿಸೆಲ್ ಮತ್ತು ನಾವಾ ಅವರ ಲೇಖನದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಮಾತು ಶೇ 60ರದ್ದಲ್ಲ. ವೈಫಲ್ಯದ ಬಗೆಗಳಿಗೂ ರಚನೆಯ ವಿನ್ಯಾಸಕ್ಕೂ ನಡುವೆ ಸರಳ ಸಂಬಂಧ ಅವರಿಗೆ ಕಾಣಲಿಲ್ಲ. ಈಚೆಗೆ ಕದಡಿದ ಜಲಾನಯನ, ಹೆಚ್ಚಿನ ಹೂಳು, ನೆಲೆ ನಿಲ್ಲದ ಪಾತ್ರ ಇರುವ ತೊರೆಗಳಲ್ಲಿ ಹಾನಿ ವ್ಯಾಪಕವಾಗಿತ್ತು.

ಬಂಡೆಯ ಗಾತ್ರದ ಬಗ್ಗೆ ಒಂದು ಚಿಕ್ಕ ಲೆಕ್ಕ ಕೊಡುತ್ತೇನೆ. ತಳದ ಮೇಲೆ ನೀರಿನ ಎಳೆತವೆಂದರೆ ನೀರಿನ ಸಾಂದ್ರತೆ, ಗುರುತ್ವ, ಆಳ ಮತ್ತು ಇಳಿಜಾರುಗಳ ಗುಣಲಬ್ಧ. ನೆರೆಯಲ್ಲಿ 1 ಮೀಟರ್ ಆಳವಾಗಿ, 100 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ ಹರಿಯುವ ತೊರೆಯಲ್ಲಿ ಇದು ಪ್ರತಿ ಚದರ ಮೀಟರಿಗೆ ಸುಮಾರು 98 ನ್ಯೂಟನ್ ಆಗುತ್ತದೆ. ತಳದ ಕಲ್ಲು ಕದಲಲು ತೊಡಗುವ ಮಿತಿಯನ್ನು ಸೂಚಿಸುವ ಶೀಲ್ಡ್ಸ್ ಅಂಕವನ್ನು 0.045 ಎಂದು ಹಿಡಿದರೆ ಸುಮಾರು 13 ಸೆಂಟಿಮೀಟರ್ ವ್ಯಾಸದ ಕಲ್ಲು ಅಲುಗಾಡಲು ಇಷ್ಟು ಸಾಕು. ಇದು ಸಮತಟ್ಟಾದ ತಳದ ಲೆಕ್ಕ. ಹರಿವಿಗೆ ಎದುರಾಗಿ ನಿಂತ ಬಂಡೆಯ ಸುತ್ತ ವೇಗ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ ರಚನೆಯ ಕಲ್ಲು ಇದರ ಹಲವು ಪಟ್ಟು ದೊಡ್ಡದಾಗಿರಬೇಕು. ಎಷ್ಟೇ ದೊಡ್ಡದಿದ್ದರೂ ಅದರ ಸುತ್ತಲಿನ 13 ಸೆಂಟಿಮೀಟರಿನ ಕಲ್ಲುಗಳು ಹೋಗಿಯೇ ಹೋಗುತ್ತವೆ ಎಂಬುದನ್ನು ಮರೆಯಬಾರದು. ದೊಡ್ಡ ಬಂಡೆ ಉರುಳಿಹೋಗುವುದಕ್ಕಿಂತ ತನ್ನದೇ ಕೊರೆತದ ಗುಂಡಿಯೊಳಕ್ಕೆ ಕುಸಿಯುವುದೇ ಹೆಚ್ಚು.

ಇನ್ನು ನೆರೆಯ ಲೆಕ್ಕ. ‘25 ವರ್ಷಕ್ಕೊಮ್ಮೆಯ ನೆರೆಯನ್ನು ತಡೆಯುವ ವಿನ್ಯಾಸ’ ಎಂಬ ಮಾತು ಕೇಳಿದವರಿಗೆ 25 ವರ್ಷಗಳ ಭರವಸೆಯಂತೆ ಕೇಳುತ್ತದೆ. ಪ್ರತಿ ವರ್ಷ ಅಂಥ ನೆರೆ ಬರುವ ಸಂಭವ ಶೇ 4 ಎಂದಷ್ಟೇ ಅದರ ಅರ್ಥ. 20 ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಅದು ಬರುವ ಸಂಭವ ಶೇ 56. 10 ವರ್ಷಕ್ಕೊಮ್ಮೆಯ ನೆರೆಯಾದರೆ ಮೊದಲ 10 ವರ್ಷಗಳಲ್ಲೇ ಶೇ 65.

ದಿಮ್ಮಿಹೊರೆ

ನಾನು ಲೆಕ್ಕದವನಲ್ಲ, ಹಲವು ವರ್ಷ ತೊರೆಗಳಿಗೆ ದಿಮ್ಮಿ ಇಳಿಸುವ ಕೆಲಸ ಮಾಡಿದವನು. ಮರದ ಬಾಳಿಕೆಯ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ.

ಸದಾ ನೀರಿನಲ್ಲಿ ಮುಳುಗಿರುವ ಮರ ಬೇಗ ಕೊಳೆಯುವುದಿಲ್ಲ, ಏಕೆಂದರೆ ಮರವನ್ನು ತಿನ್ನುವ ಶಿಲೀಂಧ್ರಗಳಿಗೆ ಗಾಳಿ ಬೇಕು. ಸದಾ ಒಣಗಿರುವ ಮರವೂ ಬಾಳುತ್ತದೆ. ಕೆಡುವುದು ಒಮ್ಮೆ ನೆನೆದು ಒಮ್ಮೆ ಒಣಗುವ ಭಾಗ, ಅಂದರೆ ಬೇಸಿಗೆಯ ನೀರಿನ ಮಟ್ಟಕ್ಕೂ ಮಳೆಗಾಲದ ಮಟ್ಟಕ್ಕೂ ನಡುವಿನ ಪಟ್ಟಿ. ದುರದೃಷ್ಟವೆಂದರೆ ದಡಕ್ಕೆ ಹುಗಿದ ತುದಿಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತವೆ. ನಡು ಗಟ್ಟಿಯಾಗಿ ಕಾಣುವ ದಿಮ್ಮಿಯ ತುದಿಗೆ ಸಲಾಕೆ ಚುಚ್ಚಿದರೆ ಹಿಟ್ಟಿನಂತೆ ಉದುರುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ಸೀಡರ್, ಡಗ್ಲಸ್ ಫರ್‌ನಂಥ ಮರಗಳ ತಿರುಳು ಹೆಚ್ಚು ತಾಳುತ್ತದೆ, ಆಲ್ಡರ್‌ನಂಥ ಮೆದು ಮರ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ದಪ್ಪವೂ ಮುಖ್ಯ. ಕೊಳೆತ ಹೊರಗಿನಿಂದ ಒಳಕ್ಕೆ ಬರುವುದರಿಂದ ದಪ್ಪ ದಿಮ್ಮಿಗೆ ಹೆಚ್ಚು ಕಾಲಾವಕಾಶ ಇರುತ್ತದೆ.

ತೇಲುವಿಕೆಯನ್ನು ಹೊಸಬರು ಕಡಿಮೆ ಅಂದಾಜು ಮಾಡುತ್ತಾರೆ. 50 ಸೆಂಟಿಮೀಟರ್ ವ್ಯಾಸದ, 8 ಮೀಟರ್ ಉದ್ದದ ಒಣ ದಿಮ್ಮಿಯ ಗಾತ್ರ ಸುಮಾರು 1.57 ಘನ ಮೀಟರ್. ಮರದ ಸಾಂದ್ರತೆ ನೀರಿನ ಅರ್ಧದಷ್ಟಿದ್ದರೆ, ಮುಳುಗಿದಾಗ ಅದು ಸುಮಾರು 785 ಕಿಲೋಗ್ರಾಂ ತೂಕವನ್ನು ಎತ್ತುವಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಅದನ್ನು ಹಿಡಿದಿಡಲು ಬೇಕಾದ ಬಂಡೆಯೂ ನೀರಿನಲ್ಲಿ ತನ್ನ ತೂಕವನ್ನು ಕಳೆದುಕೊಳ್ಳುವುದರಿಂದ, ದಡದ ಮೇಲೆ ತೂಗಿದರೆ ಸುಮಾರು 1,260 ಕಿಲೋಗ್ರಾಂ ಇರುವ ಕಲ್ಲು ಬರೀ ಸರಿದೂಗಿಸುವುದಕ್ಕೇ ಬೇಕು. ನೀರಿನ ಎಳೆತವನ್ನೂ ಸುರಕ್ಷತೆಯ ಅಂತರವನ್ನೂ ಸೇರಿಸಿದರೆ ಇದರ ದುಪ್ಪಟ್ಟು ಇಟ್ಟರೂ ಹೆಚ್ಚಾಗದು.

ಉಕ್ಕಿನ ಹಗ್ಗದಿಂದ ಕಟ್ಟುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಪ್ರತಿ ನೆರೆಯಲ್ಲೂ ದಿಮ್ಮಿ ಒಂದಿಷ್ಟು ಅಲುಗಿ ಹಗ್ಗ ಮರವನ್ನು ಕೊಯ್ಯುತ್ತದೆ, ಸಡಿಲಾಗುತ್ತದೆ, ಕೊನೆಗೆ ದಿಮ್ಮಿ ಹೋಗಿ ಹಗ್ಗ ಮಾತ್ರ ನೀರಿನಲ್ಲಿ ಬಳುಕುತ್ತಾ ಉಳಿದು ಜನರಿಗೂ ಪ್ರಾಣಿಗಳಿಗೂ ಅಪಾಯವಾಗುತ್ತದೆ. ಬೇರುಬುಡ ಸಮೇತ ತಂದ ಉದ್ದನೆಯ ಮರವನ್ನು, ಸಾಧ್ಯವಾದರೆ ದಡದಲ್ಲಿ ನಿಂತಿರುವ ಎರಡು ಮರಗಳ ನಡುವೆ ತೂರಿಸಿ ಇಟ್ಟರೆ ಅದು ತನ್ನ ತೂಕದಿಂದಲೂ ಆಕಾರದಿಂದಲೂ ನಿಲ್ಲುತ್ತದೆ.

ಮೀನುಕಣ್ಣು

ಇಲ್ಲಿಯವರೆಗೆ ಎಲ್ಲರೂ ದಿಮ್ಮಿಯ ಮತ್ತು ಬಂಡೆಯ ಆಯಸ್ಸಿನ ಬಗ್ಗೆ ಬರೆದಿದ್ದೀರಿ. ಮೀನುಗಳ ಕಡೆಯಿಂದ ನೋಡುವವಳಾಗಿ ನನಗೆ ಬೇರೆಯದೇ ಚಿತ್ರ ಕಾಣುತ್ತದೆ.

ಬಹುಕಾಲದ ಸಾಕ್ಷ್ಯಗಳಲ್ಲಿ ನನಗೆ ಅತ್ಯಂತ ನೆಚ್ಚಿನದು ಕೊಲೊರಾಡೊದ ಬೆಟ್ಟದ ತೊರೆಗಳದು. 1988ರಲ್ಲಿ ಅಲ್ಲಿ ಹರಿವಿಗೆ ಅಡ್ಡಲಾಗಿ ದಿಮ್ಮಿಗಳನ್ನು ಇಟ್ಟು, ಪಕ್ಕದ ಭಾಗಗಳನ್ನು ಮುಟ್ಟದೆ ಹೋಲಿಕೆಗಾಗಿ ಬಿಟ್ಟಿದ್ದರು. ಎರಡು ದಶಕಗಳ ನಂತರ ಮತ್ತೆ ಅಳೆದಾಗಲೂ ದಿಮ್ಮಿಯಿಟ್ಟ ಭಾಗಗಳಲ್ಲಿ ಮಡುಗಳ ಗಾತ್ರ ಹೆಚ್ಚಾಗಿಯೇ ಇತ್ತು, ಟ್ರೌಟ್ ಮೀನುಗಳೂ ಹೆಚ್ಚಾಗಿಯೇ ಇದ್ದವು. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿನಲ್ಲಿ, 2010ರಲ್ಲಿ, ವೈಟ್‌ವೇ ಮತ್ತು ಸಂಗಡಿಗರು 211 ಯೋಜನೆಗಳ ಫಲಿತಾಂಶಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ ಶೇ 73ರಷ್ಟರಲ್ಲಿ ಸಾಲ್ಮನ್ ಕುಲದ ಮೀನುಗಳ ಸಾಂದ್ರತೆ ಹೆಚ್ಚಿದ್ದು ಕಂಡುಬಂತು.

ಇಷ್ಟಕ್ಕೇ ನಿಲ್ಲಿಸಿದರೆ ಮಾತು ಸುಲಭ. ಆದರೆ ಅದೇ 2010ರಲ್ಲಿ ಪಾಮರ್ ಮತ್ತು ಸಂಗಡಿಗರು, ಪಾತ್ರಕ್ಕೆ ವೈವಿಧ್ಯ ತರಲೆಂದು ಕೈಗೊಂಡ 78 ಯೋಜನೆಗಳನ್ನು ತಳವಾಸಿ ಅಕಶೇರುಕಗಳ ದೃಷ್ಟಿಯಿಂದ ನೋಡಿದಾಗ, ಜೀವವೈವಿಧ್ಯ ಖಚಿತವಾಗಿ ಹೆಚ್ಚಿದ್ದು ಎರಡರಲ್ಲಿ ಮಾತ್ರ. ಕಲ್ಲುಗಳು ಕದಲಲಿಲ್ಲ, ಮಡುಗಳೂ ಆಳವಾಗಿದ್ದವು ಎಂದೇ ಇಟ್ಟುಕೊಳ್ಳೋಣ. ನೀರು ಕೊಳಕಾಗಿದ್ದರೆ, ಬೇಸಿಗೆಯಲ್ಲಿ ಬಿಸಿಯಾದರೆ, ಮೇಲಿನಿಂದ ಹುಳಗಳು ಬಂದು ನೆಲೆಸಲು ದಾರಿಯಿಲ್ಲದಿದ್ದರೆ ಆ ಬಾಳಿಕೆಯಿಂದ ಯಾರಿಗೇನು ಸಿಕ್ಕಿತು?

ಬಾಳಿಕೆಯೇ ತೊಂದರೆಯಾಗುವುದೂ ಉಂಟು. ಕನೆಕ್ಟಿಕಟ್‌ನ ಬ್ಲ್ಯಾಕ್‌ಲೆಜ್ ಮತ್ತು ಸಾಲ್ಮನ್ ನದಿಗಳಲ್ಲಿ 1930 ಮತ್ತು 1950ರ ದಶಕಗಳಲ್ಲಿ ಕಟ್ಟಿದ ರಚನೆಗಳ ಪೈಕಿ 40ನ್ನು ಥಾಂಪ್ಸನ್ ಅವರು ಪರಿಶೀಲಿಸಿ 2002ರಲ್ಲಿ ಬರೆದರು. ನಡುವಿನ ಕಾಲದಲ್ಲಿ ಆ ನದಿಗಳು 50 ವರ್ಷಕ್ಕೊಮ್ಮೆ ಬರುವುದಕ್ಕಿಂತ ದೊಡ್ಡದಾದ ಮೂರು ನೆರೆಗಳನ್ನು ಕಂಡಿದ್ದರೂ, ಅನೇಕ ರಚನೆಗಳು ಒಂದಲ್ಲ ಒಂದು ಸ್ಥಿತಿಯಲ್ಲಿ ಇನ್ನೂ ಉಳಿದಿದ್ದವು. ಆದರೆ ಮೀನಿಗೆ ಮರೆಯಾಗಲೆಂದು ಮಾಡಿದ ರಚನೆಗಳು ದಡದ ಗಿಡಮರಗಳು ಕೊಡುತ್ತಿದ್ದ ಮರೆಯನ್ನೇ ಕುಗ್ಗಿಸಿದ್ದವು. ನೆರಳಿಗಾಗಿ ಕಟ್ಟಿದ್ದು ನೆರಳಿನ ಮೂಲವನ್ನೇ ತಡೆದರೆ, ಅದು ಎಷ್ಟು ಗಟ್ಟಿಯೋ ಅಷ್ಟು ನಷ್ಟ.

ಸಂಶಯಿ

ಮೀನುಕಣ್ಣು ಅವರ ಕೊನೆಯ ಉದಾಹರಣೆಗೆ ಜೊತೆಯಾಗಿ, ಎದುರು ತುದಿಯ ಒಂದನ್ನು ನಾನು ಇಡುತ್ತೇನೆ. ಕ್ಯಾಲಿಫೋರ್ನಿಯಾದ ಊವಸ್ ತೊರೆಯ 0.9 ಕಿಲೋಮೀಟರ್ ಭಾಗವನ್ನು 1995ರ ನವೆಂಬರಿನಲ್ಲಿ ಅಂದವಾದ ತಿರುವುಗಳುಳ್ಳ ಪಾತ್ರವಾಗಿ ಮರುನಿರ್ಮಿಸಲಾಯಿತು. 1996ರ ಫೆಬ್ರುವರಿಯಲ್ಲಿ, ಅಂದರೆ ಮೂರೇ ತಿಂಗಳಲ್ಲಿ, ಅದು ಕೊಚ್ಚಿಹೋಯಿತು. ಕಾನ್ಡಾಲ್ಫ್ ಮತ್ತು ಸಂಗಡಿಗರು ಆ ತೊರೆಯ ಇತಿಹಾಸವನ್ನು ಕೆದಕಿ ನೋಡಿದಾಗ ತಿಳಿದದ್ದು, ಅಲ್ಲಿ ಹಿಂದೆ ಇದ್ದದ್ದು ತಿರುವುಗಳುಳ್ಳ ಒಂಟಿ ಪಾತ್ರವಲ್ಲ, ಮರಳು ಮತ್ತು ಜಲ್ಲಿಯನ್ನು ಹೇರಳವಾಗಿ ಹೊತ್ತು ಜಡೆಯಂತೆ ಕವಲೊಡೆದು ಹರಿಯುವ ಪಾತ್ರ. ವಿನ್ಯಾಸಕಾರರು ಒಂದು ಜನಪ್ರಿಯ ವರ್ಗೀಕರಣ ಪದ್ಧತಿಯ ಪ್ರಕಾರ ಇಲ್ಲಿ ಇಂಥ ಪಾತ್ರ ಸ್ಥಿರವಾಗಿರುತ್ತದೆ ಎಂದು ಭಾವಿಸಿದ್ದರು. ತೊರೆಗೆ ಆ ಪದ್ಧತಿ ಗೊತ್ತಿರಲಿಲ್ಲ.

ಬಂಡೆಗಲ್ಲು ಅವರು ಎಷ್ಟೇ ಚೆನ್ನಾಗಿ ಕಲ್ಲಿನ ಗಾತ್ರ ಲೆಕ್ಕ ಹಾಕಿದ್ದರೂ ಅಲ್ಲಿ ಉಪಯೋಗವಾಗುತ್ತಿರಲಿಲ್ಲ ಎಂಬುದೇ ನನ್ನ ಅಭಿಪ್ರಾಯ. ಬಾಳಿಕೆಯನ್ನು ರಚನೆಯ ಗುಣವೆಂದು ಬರೆಯುತ್ತೇವೆ, ಆದರೆ ಅದು ರಚನೆ ಮತ್ತು ಆ ಜಾಗ ಎರಡೂ ಸೇರಿ ಹುಟ್ಟುವ ಗುಣ. ರೋಪರ್ ಅವರ ಲೆಕ್ಕದಲ್ಲೇ ದೊಡ್ಡ ತೊರೆಗಳಲ್ಲಿನ ರಚನೆಗಳು ಸಣ್ಣ ತೊರೆಗಳಲ್ಲಿನವಕ್ಕಿಂತ ಕಿತ್ತುಹೋಗುವ ಸಂಭವ 20 ಪಟ್ಟು ಹೆಚ್ಚಿತ್ತು.

ಬಂಡೆಗಲ್ಲು

ಊವಸ್ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ, ಕಲ್ಲಿನ ಗಾತ್ರ ಅಲ್ಲಿ ಕೊನೆಯ ಪ್ರಶ್ನೆಯಾಗಬೇಕಿತ್ತು.

ತೊರೆಯಂಚು

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ನಮ್ಮ ತೊರೆ ಸಣ್ಣದು, ಮೇಲಿನ ಜಲಾನಯನ ಬಹುಪಾಲು ಕಾಡು. ಆದರೆ ನಾಲ್ಕು ವರ್ಷಗಳ ಹಿಂದೆ ಒಂದು ಕಡೆ ಗುಡ್ಡ ಜಾರಿದ್ದು, ಹೂತುಹೋದ ದಿಮ್ಮಿ ಅದಕ್ಕಿಂತ ಸ್ವಲ್ಪವೇ ಕೆಳಗಿದೆ. ಈಗ ನನ್ನ ಪ್ರಶ್ನೆ ಇನ್ನಷ್ಟು ಕಿರಿದಾಗಿದೆ. ಆ ದಿಮ್ಮಿಯ ಮೇಲಿನ ಜಲ್ಲಿಯನ್ನು ತೆಗೆಸಬೇಕೆಂದು ತಂಡದ ಕೆಲವರು ಹೇಳುತ್ತಿದ್ದಾರೆ. ಕಿತ್ತುಹೋದ ದಿಮ್ಮಿಯನ್ನು ಎಳೆದು ತಂದು ಮೊದಲಿನ ಜಾಗದಲ್ಲೇ ಕೂರಿಸಬೇಕೆಂಬ ಸಲಹೆಯೂ ಬಂದಿದೆ, ಏಕೆಂದರೆ ನಕ್ಷೆಯಲ್ಲಿ ಅದು ಅಲ್ಲಿದೆ.

ದಿಮ್ಮಿಹೊರೆ

ದಯವಿಟ್ಟು ಆ ನಾಲ್ಕನೆಯ ದಿಮ್ಮಿಯನ್ನು ಮುಟ್ಟಬೇಡಿ. ನೀವು ಇಟ್ಟ ಜಾಗಕ್ಕಿಂತ ಒಳ್ಳೆಯ ಜಾಗವನ್ನು ನೆರೆ ಹುಡುಕಿ ಕೊಟ್ಟಿದೆ. ಆ ತಿರುವಿನಲ್ಲಿ ಅದು ಒಂದು ದೊಡ್ಡ ನೆರೆಯನ್ನು ತಾಳಿ ಸಿಕ್ಕಿಕೊಂಡಿದ್ದರೆ, ಮುಂದಿನ ನೆರೆಗಳಲ್ಲಿ ಬರುವ ಕೊಂಬೆರೆಂಬೆಗಳನ್ನು ಹಿಡಿದು ಇನ್ನೂ ದೊಡ್ಡ ಅಡಕಲಾಗುತ್ತದೆ.

ಜಲ್ಲಿಯನ್ನೂ ತೆಗೆಸಬೇಡಿ. ಗುಡ್ಡದಿಂದ ಬಂದ ಜಲ್ಲಿ ಅಲೆಯಂತೆ ಕೆಳಗೆ ಸಾಗುತ್ತಿರುತ್ತದೆ. ಕೆಲವು ವರ್ಷಗಳಲ್ಲಿ ಅಲೆ ದಾಟಿಹೋದರೆ ದಿಮ್ಮಿ ಮತ್ತೆ ತಲೆಯೆತ್ತಬಹುದು, ಅಷ್ಟರವರೆಗೆ ಗಾಳಿ ತಾಕದೆ ಹೂತಿರುವುದರಿಂದ ಅದು ಕೊಳೆಯುವುದೂ ಇಲ್ಲ. ವಾಷಿಂಗ್ಟನ್‌ನ ಕ್ವೀಟ್ಸ್ ನದಿಯಲ್ಲಿ ಹಯಟ್ ಮತ್ತು ನೈಮನ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಾತ್ರದಲ್ಲಿ ಬಿದ್ದ ದೊಡ್ಡ ಮರಗಳು ಅರ್ಧಕ್ಕರ್ಧ ಕಡಿಮೆಯಾಗಲು ಸುಮಾರು 20 ವರ್ಷ ಸಾಕು, ಆದರೆ ಹೂತುಹೋಗಿ ಮತ್ತೆ ಹೊರಬಂದ ಕೆಲವು ಮರಗಳ ವಯಸ್ಸು 1,400 ವರ್ಷಗಳವರೆಗೂ ಇತ್ತು. ಸಹಜ ತೊರೆಯಲ್ಲೇ ಮರ ಇಷ್ಟು ಬೇಗ ಬದಲಾಗುತ್ತಿರುವಾಗ ನಾವಿಟ್ಟ ದಿಮ್ಮಿಗೆ ಮಾತ್ರ 50 ವರ್ಷ ಕದಲದಿರು ಎನ್ನುವುದು ಅತಿಯಾಸೆ. ಸಹಜ ತೊರೆಯಲ್ಲಿ ಒಂದು ಹೋದಾಗ ದಡದಿಂದ ಇನ್ನೊಂದು ಬೀಳುತ್ತದೆ. ನಿಮ್ಮ ದಡದಲ್ಲಿ ಬೀಳಲು ಮರಗಳಿವೆಯೇ ಎಂದು ನೋಡಿ, ಬಾಳಿಕೆಯ ನಿಜವಾದ ಲೆಕ್ಕ ಅಲ್ಲಿದೆ.

ಮೀನುಕಣ್ಣು

ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದವರಿದ್ದಾರೆ. ಆರೆಗಾನ್‌ನ ಬ್ರಿಜ್ ಕ್ರೀಕ್‌ನಲ್ಲಿ 2009ರಿಂದ ತಳಕ್ಕೆ ಮರದ ಗೂಟಗಳನ್ನು ಬಡಿದು, ಬೀವರ್ ಪ್ರಾಣಿಗಳು ಕಟ್ಟುವಂಥ ಒಡ್ಡುಗಳ ಅನುಕರಣೆಯನ್ನು ಮಾಡಿದರು. ಅವನ್ನು ಬಾಳಿಕೆಗಾಗಿ ಕಟ್ಟಿದ್ದೇ ಅಲ್ಲ. ಬೀವರ್‌ಗಳು ಬಂದು ವಹಿಸಿಕೊಂಡು ದುರಸ್ತಿ ಮಾಡಲಿ, ಒಡೆದುಹೋದರೆ ಅಲ್ಲಿ ಕೂತ ಹೂಳಿನಲ್ಲಿ ಗಿಡಗಳು ಹುಟ್ಟಲಿ ಎಂಬುದು ಉದ್ದೇಶ. ಎಳೆಯ ಸ್ಟೀಲ್‌ಹೆಡ್ ಮೀನುಗಳ ಸಾಂದ್ರತೆಯೂ ಉಳಿವೂ ಅಲ್ಲಿ ಹೆಚ್ಚಿದ್ದನ್ನು 2016ರಲ್ಲಿ ಪ್ರಕಟಿಸಿದ್ದಾರೆ. ನಿಮ್ಮ ನಮೂನೆಯಲ್ಲಿ ಅವುಗಳಲ್ಲಿ ಹಲವಕ್ಕೆ ‘ಇಲ್ಲ’ ಎಂದು ಬರೆಯಬೇಕಾಗುತ್ತಿತ್ತು.

ಬಂಡೆಗಲ್ಲು

ಇಲ್ಲಿ ಒಂದು ಆಕ್ಷೇಪಣೆಯನ್ನು ದಾಖಲಿಸಲೇಬೇಕು. ‘ಹೋದರೆ ಹೋಗಲಿ’ ಎಂಬ ಧೋರಣೆ ಎಲ್ಲ ಕಡೆಯೂ ನಡೆಯುವುದಿಲ್ಲ. ಕೆಳಗೆ ಸೇತುವೆಯೋ, ರಸ್ತೆಯಡಿಯ ಮೋರಿಯೋ, ದಡದಲ್ಲಿ ಮನೆಗಳೋ ಇದ್ದರೆ ಅಲೆದಾಡುವ ದಿಮ್ಮಿ ಕಂಬಗಳ ನಡುವೆ ಸಿಕ್ಕಿ ನೀರನ್ನು ತಡೆಯುತ್ತದೆ. ತಳ ಇಳಿಯುತ್ತಾ ಮೇಲಕ್ಕೆ ಸಾಗುವ ಕೊರೆತವನ್ನು ತಡೆಯಲೆಂದೇ ಇಟ್ಟ ಅಡ್ಡಗಟ್ಟೆ ಹೋದರೆ ಮೇಲಿನ ಇಡೀ ಪಾತ್ರವೇ ಕುಸಿಯಬಹುದು. ಅಂಥ ಕಡೆ ನಾನು ಹೇಳಿದ ಅಡಿಪಾಯದ ಕಲ್ಲೂ ತೂಕದ ಲೆಕ್ಕವೂ ಅನಿವಾರ್ಯ. ದುರಸ್ತಿಯ ಹಣವನ್ನೂ ಮೊದಲೇ ತೆಗೆದಿಡಬೇಕು. ಆದ್ದರಿಂದ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವ ಮುನ್ನ, ಇದು ಎಷ್ಟು ವರ್ಷ ಬಾಳಬೇಕು, ಹೋದರೆ ಯಾರಿಗೆ ಏನಾಗುತ್ತದೆ ಎಂಬುದನ್ನು ಪ್ರತಿ ರಚನೆಗೂ ಬೇರೆಬೇರೆಯಾಗಿ ಬರೆದಿಡುವುದು ಒಳ್ಳೆಯದು. ದಡದಲ್ಲಿ ನೆಟ್ಟ ಸಸಿ ಮರವಾಗಿ ಬೀಳುವಷ್ಟು ದಪ್ಪವಾಗಲು ಹಲವು ದಶಕಗಳು ಬೇಕು. ಆ ನಡುವಿನ ಅವಧಿಯನ್ನು ದಾಟಿಸುವಷ್ಟು ಆಯಸ್ಸು ಆವಾಸದ ರಚನೆಗಳಿಗೆ ಬೇಕು, ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹದಗೆಡಿಸಿದ ಕಾರಣಗಳನ್ನು ಸರಿಪಡಿಸುತ್ತಿರುವಾಗ ಬಳಸುವ ಅಲ್ಪಕಾಲದ ಸಾಧನಗಳೆಂದೇ ರೋಪರ್ ತಂಡವೂ ಇವನ್ನು ಕರೆದಿತ್ತು. ಶೇ 20ರ ಅಂಕಿಯನ್ನು ಎತ್ತಿ ಹೇಳುವವರು ಆ ವಾಕ್ಯವನ್ನು ಬಿಟ್ಟುಬಿಡುತ್ತಾರೆ.

ಸಂಶಯಿ

ಈ ಚರ್ಚೆಯಲ್ಲಿ ಮೊದಲ ಬಾರಿಗೆ ನನಗೆ ಆಕ್ಷೇಪಣೆಯೇನೂ ಇಲ್ಲ.

ಹೊಸಹೆಜ್ಜೆ

ನಡುವೆ ಬಂದು ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿ ಕೆಲವು ಮಡುಗಳ ಆಳವನ್ನು ಪ್ರತಿ ವರ್ಷ ಅಳೆಯುತ್ತೇವೆ, ಆದರೆ ಅಳೆಯುವ ದಿನ ನೀರು ಹೆಚ್ಚಿದ್ದರೆ ಆಳವೂ ಹೆಚ್ಚು ಬರುತ್ತದೆ. ಒಂದು ವರ್ಷವನ್ನು ಇನ್ನೊಂದು ವರ್ಷದೊಂದಿಗೆ ಹೋಲಿಸುವುದು ಹೇಗೆ?

ಮೀನುಕಣ್ಣು

ಇದಕ್ಕೆ ಸುಲಭದ ದಾರಿಯಿದೆ. 1987ರಲ್ಲಿ ಲೈಲ್ ಅವರು ಸೂಚಿಸಿದ್ದು ಇದು. ಮಡುವಿನ ಅತಿ ಆಳದ ಜಾಗದಲ್ಲಿ ಒಮ್ಮೆ ಅಳೆಯಿರಿ, ಮಡು ಮುಗಿದು ನೀರು ಹೊರಹರಿಯುವ ಅಂಚಿನ ತಗ್ಗಾದ ಜಾಗದಲ್ಲಿ ಇನ್ನೊಮ್ಮೆ ಅಳೆಯಿರಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಹರಿವು ಪೂರ್ತಿ ನಿಂತುಹೋದರೂ ಮಡುವಿನಲ್ಲಿ ಉಳಿಯುವ ನೀರಿನ ಆಳ ಅದು. ನೀರು ಹೆಚ್ಚಿದ್ದ ದಿನ ಅಳೆದರೂ ಕಡಿಮೆಯಿದ್ದ ದಿನ ಅಳೆದರೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಅಳತೆಕೋಲೊಂದಿದ್ದರೆ ಸಾಕು, ಬೇರೆ ಉಪಕರಣ ಬೇಕಿಲ್ಲ.

ತೊರೆಯಂಚು

ಹೋದ ವಾರ ಮತ್ತೆ ಹೋಗಿ ಲೈಲ್ ಅವರ ಕ್ರಮದಲ್ಲಿ ಅಳೆದು ಬಂದೆವು. ತಿರುವಿನಲ್ಲಿ ಸಿಕ್ಕಿಬಿದ್ದ ದಿಮ್ಮಿಯ ಮಗ್ಗುಲಿನ ಮಡು 90 ಸೆಂಟಿಮೀಟರ್ ಬಂತು. ಇಟ್ಟಲ್ಲೇ ಇರುವ, ತುದಿ ಬಳಸಿ ನೀರು ಹರಿಯುತ್ತಿರುವ ದಿಮ್ಮಿಯ ಕೆಳಗಿನದು 20 ಸೆಂಟಿಮೀಟರ್. ಅಡಿಯಿಂದ ನುಸುಳುತ್ತಿರುವುದರ ಕೆಳಗೆ 35.

ನಮೂನೆಯ ಎರಡು ಅಂಕಣಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಕೈಬರಹದಲ್ಲಿ ಇನ್ನೂ ನಾಲ್ಕನ್ನು ಸೇರಿಸಿದ್ದೇವೆ: ರಚನೆ ಈಗ ಎಲ್ಲಿದೆ, ನೀರು ಅದನ್ನು ಹೇಗೆ ದಾಟುತ್ತಿದೆ, ಉಳಿಕೆ ಆಳ ಎಷ್ಟು, ಹತ್ತಿರದ ದಡದಲ್ಲಿ ಬೀಳಬಲ್ಲ ಮರ ಇದೆಯೇ. ಕೊನೆಯ ಅಂಕಣ ತುಂಬುವಾಗ ನಮಗೇ ಆಶ್ಚರ್ಯವಾಯಿತು. ಎಡದಂಡೆಯುದ್ದಕ್ಕೂ ಮರಗಳಿವೆ, ಬಲದಂಡೆಯಲ್ಲಿ ಮೂಲ ಕಾಮಗಾರಿಗೆಂದು ಯಂತ್ರಗಳು ಇಳಿದ ದಾರಿಯಲ್ಲಿ 11 ವರ್ಷಗಳಾದರೂ ಹುಲ್ಲು ಬಿಟ್ಟರೆ ಏನೂ ಬೆಳೆದಿಲ್ಲ. ಮೊದಲ ದಿಮ್ಮಿಯ ತುದಿಯಲ್ಲಿ ದಡ ಕೊರೆಯುತ್ತಿರುವುದೂ ಆ ಕಡೆಯೇ. ಕೆಳಗೆ ಎರಡು ಕಿಲೋಮೀಟರಿನವರೆಗೆ ಸೇತುವೆಯಾಗಲಿ ಮೋರಿಯಾಗಲಿ ಇಲ್ಲ ಎಂಬುದನ್ನೂ ಖಚಿತಪಡಿಸಿಕೊಂಡೆವು.

ಹೀಗಾಗಿ ಮೂರನೆಯ ದಿಮ್ಮಿಯ ಅಡಿಗೆ ಮಾತ್ರ ಕೈಯಿಂದಲೇ ಕಲ್ಲು ಮತ್ತು ಜಲ್ಲಿ ತುಂಬುವುದು, ದುರಸ್ತಿಗೆಂದು ಇಟ್ಟಿದ್ದ ಉಳಿದ ಹಣವನ್ನು ಬಲದಂಡೆಯಲ್ಲಿ ವಿಲೋ ಕಡ್ಡಿಗಳನ್ನೂ ಸಸಿಗಳನ್ನೂ ನೆಡಲು ಬಳಸುವುದು ಎಂದು ತಂಡ ಒಪ್ಪಿದೆ. ಯಂತ್ರದ ದಾರಿಯ ಮಣ್ಣು ಅದುಮಿ ಗಟ್ಟಿಯಾಗಿದೆ. ಗುದ್ದಲಿ ಒಂದು ಗೇಣು ಇಳಿಯುವುದೂ ಕಷ್ಟ. ನೆಡುವ ಮುನ್ನ ಅದನ್ನು ಸಡಿಲಿಸಲು ಮತ್ತೆ ಯಂತ್ರ ಇಳಿಸದೆ ಏನಾದರೂ ದಾರಿ ಯಾರಿಗಾದರೂ ತಿಳಿದಿದೆಯೇ?

ದಿಮ್ಮಿಹೊರೆ

ಇದೆ. ಇಡೀ ದಾರಿಯನ್ನು ಸಡಿಲಿಸಲು ಹೋಗಬೇಡಿ. ಮಣ್ಣು ಚೆನ್ನಾಗಿ ನೆನೆದಿರುವಾಗ ಉದ್ದನೆಯ ಕಬ್ಬಿಣದ ಸಲಾಕೆಯಿಂದ, ಬೇಸಿಗೆಯ ನೀರಿನ ಮಟ್ಟವನ್ನು ಮುಟ್ಟುವಷ್ಟು ಆಳದ ತೂತುಗಳನ್ನು ಮಾಡಿ, ವಿಲೋ ಕಡ್ಡಿಯ ಬುಡ ಆ ತೇವವನ್ನು ತಲುಪುವಂತೆ ಇಳಿಸಿ, ಸುತ್ತ ಮಣ್ಣು ತುಂಬಿ ಒತ್ತಿ. ಕಡ್ಡಿಯ ಮುಕ್ಕಾಲು ಭಾಗ ನೆಲದೊಳಗಿರಲಿ, ಗಿಡ ಎಲೆ ಉದುರಿಸಿ ಸುಪ್ತವಾಗಿರುವಾಗಲೇ ಕತ್ತರಿಸಿದ್ದಾಗಿರಲಿ. ಮೊದಲ ದಿಮ್ಮಿಯ ತುದಿಯ ಹತ್ತಿರ ಮಾತ್ರ ಸ್ವಲ್ಪ ಒತ್ತೊತ್ತಾಗಿ ನೆಡಿ.